ನೀಲವ್ವ ಅಕ್ಕೋರ ಹಾರ್ಡ್ ಡಿಸ್ಕ್

ನೀಲವ್ವ ಅಕ್ಕೋರು ತಿರುಗುವ ಯಾವ ವಸ್ತುವನ್ನೂ ಸುಮ್ಮನೆ ತಿರುಗಲು ಬಿಡುತ್ತಿರಲಿಲ್ಲ. ಜನ ಎದ್ದು ಹೋದ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ, ಅದು ಯಾರ ಮನೆಯದೇ ಆಗಿರಲಿ, ಒಳಗೆ ಹೋಗಿ ಆರಿಸಿ ಬರುತ್ತಿದ್ದರು. "ಬರೇ ತೊಟ್ಟಿಲ ತೂಗಬಾರ್ದು, ಬರೇ ಬೀಸುಕಲ್ಲ ತಿರುವಬಾರ್ದು. ಮನಿಗೆ ಛಲೋ ಅಲ್ಲ" ಎನ್ನುವುದು ಅವರ ಕಾಯ್ದೆ. ಮುಗದದ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮೇಲೆ ನವನಗರದಲ್ಲಿ ನಮ್ಮ ಪಕ್ಕದ ಮನೆಗೆ ಬಂದವರು. ಶಾಲೆ ಬಿಟ್ಟರೂ ಶಾಲೆಯ ಗತ್ತು ಬಿಟ್ಟಿರಲಿಲ್ಲ. ನನ್ನಂಥ ನರೆತ ತಲೆಯವನನ್ನೂ ಬೆರಳು ತೋರಿಸಿ ಕೂಡಿಸುತ್ತಿದ್ದರು.

ಅವರ ಬಳಿ ಒಂದು ಹಾರ್ಡ್ ಡಿಸ್ಕ್ ಇತ್ತು, ಹೊರಗಿನಿಂದ ಕಂಪ್ಯೂಟರಿಗೆ ಜೋಡಿಸುವಂಥದು. ಅದರಲ್ಲಿ ಅವರ ತಾಯಿ ಜೋಳ ಬೀಸುತ್ತ ಹಾಡಿದ ಪದಗಳಿದ್ದವು. ಅಕ್ಕೋರ ಅಣ್ಣ ಯಾವುದೋ ಕಾಲದಲ್ಲಿ ಕ್ಯಾಸೆಟ್ಟಿನಲ್ಲಿ ಹಿಡಿದದ್ದನ್ನು ಯಾರೋ ಡಿಸ್ಕಿಗೆ ಇಳಿಸಿಕೊಟ್ಟಿದ್ದರು. ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹಾಳಾಗಿ, ತಾಯಿಯ ದನಿ ಅಂತ ಈ ಲೋಕದಲ್ಲಿ ಉಳಿದದ್ದು ಅಷ್ಟೇ. ದಿನಾ ಬೆಳಿಗ್ಗೆ ನನ್ನನ್ನು ಚಹಾಕ್ಕೆ ಕರೆದು ಒಂದು ಪದ ಹಚ್ಚುವರು, ನಿಲ್ಲಿಸುವರು, ಅದರ ಅರ್ಥ ಹೇಳುವರು, ಮತ್ತೆ ಇನ್ನೊಂದು ಹಚ್ಚುವರು. ಒಂದು ಪದದ ನಡುವೆ ತಾಯಿ ಕೆಮ್ಮುತ್ತಿದ್ದಳು. ಅದು ಬರುವ ಹೊತ್ತಿಗೆ ಅಕ್ಕೋರು ಕೈ ಎತ್ತಿ ನನ್ನ ಮಾತು ತಡೆಯುತ್ತಿದ್ದರು.

ಪದ ನಿಂತ ಮೇಲೂ ಡಿಸ್ಕ್ ಒಳಗೊಳಗೇ ಗುಂಯ್ ಎನ್ನುವುದು ಒಂದು ದಿನ ಅವರ ಕೈಗೆ ತಗುಲಿತು.

"ತಮ್ಮಾ, ಇದು ಬರೇ ತಿರಗಾಕತ್ತೈತಲ್ಲ."

"ತಿರಗ್ಲಿ ಬಿಡ್ರಿ ಅಕ್ಕೋರ. ಹತ್ತಿಪ್ಪತ್ತು ಮಿನಿಟಿಗೆ ತಾನ ಮಲಗ್ತೈತಿ."

"ಅಲ್ಲೀತನಕ ಬರೇ ತಿರಗೋದನ? ಒಂದ ಮಿನಿಟಿಗೆ ಮಲಗೂ ಹಂಗ ಮಾಡು."

ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಅವಕಾಶವೇನೋ ಇತ್ತು. ಆದರೆ ಸುಮ್ಮನೆ ತಿರುಗುವುದಕ್ಕಿಂತ ನಿಂತು ನಿಂತು ಮತ್ತೆ ಏಳುವುದರಲ್ಲಿ ಡಿಸ್ಕ್ ಹೆಚ್ಚು ಸವೆಯುತ್ತದೆ, ನೀವು ಪದಪದಕ್ಕೂ ನಿಲ್ಲಿಸುವವರು, ಅರ್ಧ ತಾಸಾದರೂ ಇರಲಿ ಎಂದು ಪರಿಪರಿಯಾಗಿ ಹೇಳಿದೆ. ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಡುತ್ತೇನೆ ಎಂದೂ ಹೇಳಿದೆ. "ಶ್ರಾವಣ ಮುಗೀಲಿ, ಮಾಡೂಣಂತ" ಎಂದರು. ಮಲಗುವ ವೇಳೆಯನ್ನು ಮಾತ್ರ, ನಾನು ಒಪ್ಪದಿದ್ದಾಗ, ತಾವೇ ಕನ್ನಡಕ ಏರಿಸಿ ಹುಡುಕಿ ಒಂದು ನಿಮಿಷಕ್ಕೆ ಇಳಿಸಿದರು. ಅವರ ಹಟದ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ.

ಅಂದಿನಿಂದ ಡಿಸ್ಕಿಗೆ ಮಲಗುವುದು, ಏಳುವುದು, ಇದೇ ಕೆಲಸವಾಯಿತು. ಪ್ರತಿ ಸಲ ಏಳುವಾಗ ಒಂದು ಗಳಿಗೆ ತಡ. "ಅವ್ವ ದಣದಾಳ, ತಡಿ" ಎಂದು ನಗುತ್ತಿದ್ದರು. ಶ್ರಾವಣ ಮುಗಿಯಿತು, ದಸರೆಯೂ ಮುಗಿಯಿತು, ನಕಲಿನ ಮಾತು ಹಾಗೆಯೇ ಉಳಿಯಿತು. ಒಂದು ಬೆಳಿಗ್ಗೆ ಡಿಸ್ಕ್ ಕಟಕಟ ಎಂದು ಸದ್ದು ಮಾಡಿ ಸುಮ್ಮನಾಯಿತು. ಹುಬ್ಬಳ್ಳಿಯ ರಿಪೇರಿ ಅಂಗಡಿಯವನು, "ವಯಸ್ಸಾಗಿತ್ತೋ, ಎದ್ದೆದ್ದು ಸಾಕಾಗಿತ್ತೋ, ಹೇಳಾಕ ಬರೂದಿಲ್ರಿ. ಒಳಗಿಂದು ಏನೂ ಸಿಗೂದಿಲ್ಲ" ಎಂದು ಕೈಚೆಲ್ಲಿದ.

ಅಕ್ಕೋರು ಅಳಲಿಲ್ಲ. ಡಿಸ್ಕನ್ನು ಸೆರಗಿನಿಂದ ಒರೆಸಿ, "ನೀ ಹೇಳಿದ್ದಿ. ನಾ ಕೇಳ್ಲಿಲ್ಲ" ಎಂದರು. ಆಮೇಲೆ ಚಹಾಕ್ಕೆ ಕರೆಯುವುದನ್ನೇ ಬಿಟ್ಟರು.

ಚಳಿಗಾಲದಲ್ಲಿ ಹಾಸಿಗೆ ಹಿಡಿದರು. ಪದಗಳೆಲ್ಲ ಅವರಿಗೆ ಬಾಯಿಪಾಠವಿದ್ದವು. ನೀವೇ ಹಾಡಿ, ನಾನು ಹಿಡಿದಿಡುತ್ತೇನೆ ಎಂದು ಫೋನು ತೆಗೆದು ಕೂತೆ. ಬೇಡ ಬೇಡ ಎಂದವರು ಕೊನೆಗೆ ಗೋಡೆಗೆ ಒರಗಿ ಒಂದು ಪದ ಪೂರಾ ಹಾಡಿದರು. ದನಿ ಸೋತಿತ್ತು, ಆದರೆ ಒಂದಕ್ಷರ ತಪ್ಪಲಿಲ್ಲ. ಹಚ್ಚಿ ಕೇಳಿಸಿದೆ.

"ಇದರಾಗ ಅವ್ವ ಎಲ್ಲಿ ಅದಾಳ? ಅಳಿಸು."

"ಇರ್ಲಿ ಬಿಡ್ರಿ ಅಕ್ಕೋರ."

"ಇದನ್ನ ಕೇಳಿದ್ರ ಅವ್ವನ ದನಿ ಮರತ ಹೋಗ್ತೈತಿ. ಇನ್ನೂ ಒಂಚೂರು ಕಿವ್ಯಾಗ ಐತಿ. ಅಳಿಸು, ತಮ್ಮಾ."

ಅವರ ಕಣ್ಣೆದುರಿಗೇ ಅಳಿಸಿದೆ. ಫೋನು ಇಸಿದುಕೊಂಡು ನೋಡಿ ಖಾತ್ರಿ ಮಾಡಿಕೊಂಡರು. ಸಂಕ್ರಾಂತಿಗೆ ಮೊದಲೇ ತೀರಿಕೊಂಡರು.

ಹೆಬ್ಬಳ್ಳಿಗೆ ಕೊಟ್ಟ ಅವರ ಮಗಳು ಮೊನ್ನೆ ಮನೆ ಖಾಲಿ ಮಾಡಲು ಬಂದಿದ್ದಳು. ಕೀಲಿ ಹಾಕಿದವಳು ನಮ್ಮ ಬಾಗಿಲಿಗೆ ಬಂದು ನಿಂತಳು.

"ಅಣ್ಣಾರ, ನಿಮ್ಮ ಫೋನಿನ್ಯಾಗ ನಮ್ಮವ್ವನ ದನಿ ಏನರ ಐತೇನ್ರಿ?"

"ಇಲ್ಲವ್ವಾ" ಎಂದೆ.