ತಲೆನೋವಿಗೆ ಹೇಳಿದ ಕಾರಣ

ಹೋದ ವಾರ ಜೇವರ್ಗಿಯಲ್ಲಿ ನಾನು ಪಾಠ ಹೇಳುವ ಎಂಟನೇ ತರಗತಿಯ ಹುಡುಗಿಯೊಬ್ಬಳು ಹಣೆಗೆ ಒಣಶುಂಠಿ ತೇಯ್ದು ಹಚ್ಚಿಕೊಂಡು ಬಂದಿದ್ದಳು. ಅವಳ ನೋಟಬುಕ್ ನೋಡಲು ಬಗ್ಗಿದಾಗ ಆ ಖಾರದ, ಮಣ್ಣು ಬೆರೆತಂಥ ವಾಸನೆ ಮೂಗಿಗೆ ಹೊಡೆಯಿತು. ಮುಂದಿನ ಸಾಲು ಓದಲಾಗಲಿಲ್ಲ. ನಿಂಬರ್ಗಾದ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ, ಒಲೆಗೆಂದು ಒಟ್ಟಿದ ತೊಗರಿ ಕಟ್ಟಿಗೆಯ ಪಕ್ಕ, ಇದೇ ವಾಸನೆಯ ಹಣೆ ಹಿಡಿದುಕೊಂಡು ಶಾಂತಕ್ಕ ಕೂತಿರುತ್ತಿದ್ದಳು. ಆ ಕೋಣೆಗೆ ಕಿಟಕಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಒಮ್ಮೊಮ್ಮೆ ನೆನಪಿನಲ್ಲಿ ಅವಳ ಪಾದದ ಮೇಲೆ ಬಿಸಿಲು ಬಿದ್ದಿರುತ್ತದೆ, ಒಮ್ಮೊಮ್ಮೆ ಬರೀ ಕತ್ತಲೆ. ಮನೆ ಕೆಡವಿಯಾಗಿದೆ, ಹೋಗಿ ನೋಡಿ ಬರುವಂತಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಕೋಣೆ ಇದ್ದಿರಬಹುದು.

ಅಕ್ಕ ಆಗ ಒಂಬತ್ತನೇ ತರಗತಿ, ನಾನು ಐದನೇದು. ಅವಳು ದೊಡ್ಡವಳಾದ ವರ್ಷವೇ ತಲೆನೋವು ಶುರುವಾಯಿತು. ತಿಂಗಳಿಗೆ ಮೂರು ದಿನ ಅವಳು ಹೊರಗೆ ಕೂರಬೇಕು. ಒಲೆ ಮುಟ್ಟುವಂತಿಲ್ಲ, ಕೊಡ ಮುಟ್ಟುವಂತಿಲ್ಲ, ಸಾಲೆಗೂ ಹೋಗುವಂತಿಲ್ಲ. ಉಳಿದ ದಿನ ಮನೆಗೆಲಸದಲ್ಲಿ ಪುಸ್ತಕ ತೆರೆಯಲು ಬಿಡುವಿಲ್ಲದ ಹುಡುಗಿ ಆ ಮೂರು ದಿನ ಬೆಳಗಿನಿಂದ ಸಂಜೆಯವರೆಗೂ ಓದುತ್ತಿದ್ದಳು. ನಾನು ಪುಸ್ತಕವನ್ನು ಹೊಸ್ತಿಲ ಆಚೆ ಇಟ್ಟು ಹಿಂದೆ ಸರಿದ ಮೇಲೆ ಅವಳು ಎತ್ತಿಕೊಳ್ಳುತ್ತಿದ್ದಳು. ಅದೇ ಮೂರು ದಿನ ಅವಳ ಒಂದು ಕಣ್ಣಿನ ಹಿಂದಿನಿಂದ ನೋವು ಏಳುತ್ತಿತ್ತು, ವಾಂತಿಯಾಗುತ್ತಿತ್ತು, ಕೋಳಿ ಕೂಗಿದರೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಮನೆಯವರ ಕಣ್ಣಿಗೆ ಬಿದ್ದದ್ದು ಎರಡೇ: ಕೈಯಲ್ಲಿ ಪುಸ್ತಕ, ತಲೆಯಲ್ಲಿ ನೋವು.

"ಅಕ್ಷರ ತಲ್ಯಾಗ ಹೊಕ್ಕು ಬಡದಾಡಾಕತ್ತಾವ," ಎಂದಳು ನಮ್ಮ ಆಯಿ, ಅಪ್ಪನ ತಾಯಿ, ಶುಂಠಿ ತೇಯುತ್ತ.

"ನಿನ್ನ ತಲ್ಯಾಗ ಒಂದೂ ಅಕ್ಷರ ಇಲ್ಲಲ್ಲ ಆಯಿ, ಮತ್ತ ನಿನ್ನ ಮೊಣಕಾಲು ಯಾಕ ನೋಯ್ತಾವ?" ಎಂದು ಅಕ್ಕ ಒಳಗಿಂದಲೇ ಕೇಳಿದ್ದಕ್ಕೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ಮನೆಯ ನಗು ನನಗೆ ನೆನಪಿರುವುದು ಇಷ್ಟೇ.

ಒಂದು ಮಧ್ಯಾಹ್ನ ಅಪ್ಪ ಹೊಲದಿಂದ ಬಂದು ಅಂಗಳದಲ್ಲಿ ನನ್ನನ್ನು ನಿಲ್ಲಿಸಿ, ಓದಿದಾಗಲೇ ಅವಳಿಗೆ ನೋಯುತ್ತದೆಯೇ ಎಂದು ಕೇಳಿದ. ನಾನು ಹೌದು ಎಂದೆ. ಮರುವಾರದಿಂದ ಅಕ್ಕ ಸಾಲೆಗೆ ಹೋಗಲಿಲ್ಲ. ಹತ್ತನೇದು ಮುಗಿಸಿ ಆಳಂದದ ಕಾಲೇಜಿಗೆ ಹೋಗುತ್ತೇನೆಂದು ಓಣಿಗೆಲ್ಲ ಹೇಳಿಕೊಂಡಿದ್ದವಳು ರೊಟ್ಟಿ ಬಡಿಯುತ್ತ ಕೂತಳು. ತಲೆನೋವು ಮಾತ್ರ ತಿಂಗಳು ತಪ್ಪದೆ ಬಂತು. ಈಗ ದೂರಲು ಪುಸ್ತಕ ಇರಲಿಲ್ಲವಾದ್ದರಿಂದ ಯಾರೂ ಕಾರಣ ಕೇಳಲಿಲ್ಲ. ಎರಡು ವರ್ಷಕ್ಕೆ ಅವಳನ್ನು ಕರಜಗಿಗೆ ಮದುವೆ ಮಾಡಿ ಕೊಟ್ಟರು.

ನಾನು ದೊಡ್ಡವಳಾದಾಗ ಆಳಂದದ ಹಾಸ್ಟೆಲಿನಲ್ಲಿದ್ದೆ. ಅದೇ ನೋವು ನನಗೂ ಬಂತು. ಹೊರಗೆ ಕೂರಿಸುವವರಿಲ್ಲದ್ದರಿಂದ ಅದನ್ನು ಯಾರೂ ಓದಿಗೆ ಗಂಟು ಹಾಕಲಿಲ್ಲ. ಎಷ್ಟೋ ವರ್ಷ ಸಹಿಸಿಕೊಂಡು ಈಚೆಗೆ ತೋರಿಸಿದಾಗ ಡಾಕ್ಟರಮ್ಮ ಎರಡೇ ನಿಮಿಷದಲ್ಲಿ ಹೇಳಿದರು: ಬಹಳ ಹುಡುಗಿಯರಿಗೆ ಆ ವಯಸ್ಸಿನಲ್ಲೇ ಶುರುವಾಗುತ್ತದೆ, ಮುಟ್ಟಿನ ಜೊತೆ ಬರುತ್ತದೆ, ಗುಳಿಗೆ ಇದೆ.

ಮೊನ್ನೆ ಭಾನುವಾರ ಕರಜಗಿಗೆ ಹೋಗಿ, ಅಕ್ಕ ಬೇಳೆ ಹಸನು ಮಾಡುತ್ತಿದ್ದಾಗ, ಇದನ್ನೆಲ್ಲ ಹೇಳಿದೆ. ಇಷ್ಟು ವರ್ಷ ಹೊತ್ತು ತಿರುಗಿದ ನನ್ನ "ಹೌದ"ನ್ನೂ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ನಿನ್ನ ಯಾರು ಕೇಳಿದ್ರು ಬೇ? ನೀ ಸಾಲಿಗಿ ಹೋಗಿದ್ದಿ. ಅಪ್ಪ ಕೇಳಿದ್ದು ನನಗ. ಹೌದಂದಾಕಿ ನಾ."

"ಯಾಕ ಅಂದಿ?"

"ಅದರ ಜತಿಗೇ ಬರ್ತದಂತ ನನಗ ಅವಾಗೇ ಗೊತ್ತಿತ್ತು. ಗಂಡಸರ ಮುಂದ ಅದನ್ನ ಹ್ಯಾಂಗ ಹೇಳ್ಲಿ? ಪುಸ್ತಕದ ಮ್ಯಾಲ ಹಾಕಿದ್ನಿ. ಸಾಲೀನೇ ಬಿಡಿಸ್ತಾನಂತ ಯಾರಿಗೆ ಗೊತ್ತಿತ್ತು?"

ನಿಜ ಹೇಳಿದಳೋ, ನನ್ನನ್ನು ಹಗುರ ಮಾಡಲು ಹೇಳಿದಳೋ, ತಿಳಿಯಲಿಲ್ಲ. ಅಂಗಳದಲ್ಲಿ ನಿಂತ ಅಪ್ಪ ನನಗೆ ಇನ್ನೂ ಸ್ಪಷ್ಟ ಕಾಣುತ್ತಾನೆ.

"ಇರ್ಲಿ, ಆ ಗುಳಿಗಿ ಹೆಸರು ಬರದು ಕೊಡು," ಎಂದಳು. ಬರೆದುಕೊಟ್ಟೆ. ಅವಳು ಚೀಟಿಯನ್ನು ಬೆಳಕಿಗೆ ಹಿಡಿದು, ತುಟಿ ಆಡಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು.