ಮೂಗುತಿ ಯಾವ ಕಡೆ

ಐಹೊಳೆಯ ಒಂದು ಗುಡಿಯ ಕಂಬದಲ್ಲಿ ತುಟಿ ತುಸು ಓರೆಯಾದ ಹೆಣ್ಣೊಬ್ಬಳಿದ್ದಾಳೆ. ಹಾಗೆ ಕೆತ್ತಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಚಾಲುಕ್ಯರ ಕಾಲದ ಆ ಶಿಲ್ಪಿ ತನ್ನ ಹೆಂಡತಿಯನ್ನೇ ಕೆತ್ತಿದ್ದಾನೆ ಎಂದು ಚಿಕ್ಕಂದಿನಿಂದ ನಂಬಿದ್ದೇನೆ. ಇದೊಂದು ಕಂಬ ಮುಗಿಸಿ ಮನೆಗೆ ಬರುತ್ತೇನೆ ಎಂದು ಅವಳಿಗೆ ಹೇಳಿ, ಮುಗಿದೊಡನೆ ಇನ್ನೊಂದಕ್ಕೆ ಉಳಿ ಹಚ್ಚಿದವನಿರಬೇಕು. ಹೆಂಡತಿಯೂ ಬೇಕು, ಹೆಸರೂ ಬೇಕು. ಹೆಸರಂತೂ ಯಾರಿಗೂ ಗೊತ್ತಿಲ್ಲ. ಆದರೂ ನನಗೆ ಅವನ ಮೇಲೆ ಹೊಟ್ಟೆಕಿಚ್ಚು.

ನಾನೂ ಶಿಲ್ಪ ಕಲಿತವನೇ. ಕುವೈತಿಗೆ ಬಂದು ಎಂಟು ವರ್ಷದಿಂದ ಮಾಡುತ್ತಿರುವುದು ಮಾತ್ರ ಸಲ್ವಾ ಬಡಾವಣೆಯ ವಿಲ್ಲಾಗಳ ಅಡುಗೆಕಟ್ಟೆಗೆ ಮಾರ್ಬಲ್ ಕೂರಿಸುವ ಕೆಲಸ. ಸಿಂಕಿಗೆ ತೂತು ಕೊರೆಯುವಾಗೆಲ್ಲ ಮೈ ಉರಿಯುತ್ತದೆ. ಅಂಚನ್ನು ಸ್ವಲ್ಪ ತಿದ್ದುತ್ತ ನಿಂತರೂ ಸಾಕು, ಫೋರ್‌ಮನ್ "ಯಲ್ಲಾ ಭಾಯಿ, ಖಲಾಸ್ ಕರೋ" ಎಂದು ಬೇಗ ಮುಗಿಸಲು ಅವಸರಿಸುತ್ತ ತಲೆಯ ಮೇಲೆ ಬಂದು ನಿಲ್ಲುತ್ತಾನೆ.

ಕಳೆದ ಚಳಿಗಾಲದಲ್ಲಿ ಹಟ ಹಿಡಿದೆ. ಒಡೆದುಹೋದ ಬಿಳಿ ತುಂಡೊಂದನ್ನು ಕೇಳಿ ಫಹಾಹೀಲ್‌ನ ನನ್ನ ರೂಮಿಗೆ ತಂದೆ. ಶುಕ್ರವಾರದ ರಜೆಗಳಲ್ಲಿ ಟೆರೇಸಿನ ಮೇಲೆ ಕೂತು, ಊರಿನಲ್ಲಿರುವ ಹೆಂಡತಿಯ ಮುಖ ಕೆತ್ತತೊಡಗಿದೆ. ಅವಳೇ ತೆಗೆದು ಕಳಿಸಿದ ಸೆಲ್ಫಿ ಎದುರಿಗಿತ್ತು. ನಡುವೆ ಅವಳು ಫೋನ್ ಮಾಡಿದರೆ "ಆಮ್ಯಾಲೆ ಮಾತಾಡೂಣು" ಎಂದು ಇಟ್ಟುಬಿಡುತ್ತಿದ್ದೆ. ಅವಳನ್ನು ಕೆತ್ತುವುದಕ್ಕೆ ಅವಳೇ ಅಡ್ಡಿ! ಹೀಗೆ ನಾಲ್ಕು ತಿಂಗಳು ನಡೆಯಿತು.

ಮುಗಿದ ದಿನ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಹೊಗಳಲಿ ಎಂದು ಕಾದೆ. ಅವಳು ಬಹಳ ಹೊತ್ತು ನೋಡಿದಳು.

"ಚಂದ ಆಗೇದ್ರಿ. ಆದ್ರ ಮೂಗುತಿ ಬಲಗಡೆ ಯಾಕ ಇಟ್ಟೀರಿ? ನಂದು ಎಡಗಡೆ ಅಲ್ಲೇನು?"

ಮೂಗಿನ ಮೇಲೆ ಮೂಗುತಿಗೆಂದು ಉಳಿಸಿಕೊಂಡ ಕಾಳಿನಷ್ಟು ಕಲ್ಲನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಲು ಬರುವುದಿಲ್ಲ. ನಾಲ್ಕು ತಿಂಗಳು ಮಣ್ಣುಪಾಲಾಗಿತ್ತು. ನನ್ನ ಸಿಟ್ಟೆಲ್ಲ ಅವಳ ಮೇಲೆಯೇ ತಿರುಗಿತು.

"ಸೆಲ್ಫಿಯೊಳಗ ಎಲ್ಲಾ ಉಲ್ಟಾ ಬಂದದ. ನಿನ್ನ ಫೋನಿನ ತಪ್ಪದು. ಅದಕ್ಕ ನಾ ಏನ್ ಮಾಡ್ಲಿ?"

"ಫೋನಿಗೆ ಹೆಂಗ ಗೊತ್ತಿರತದ್ರಿ?" ಎಂದಳು, ದನಿಯಲ್ಲಿ ಜಗಳವೇ ಇರಲಿಲ್ಲ. "ನಿಮಗ ಗೊತ್ತಿರಲಿಲ್ಲೇನು?"

ಅವಳು ಫೋನ್ ಇಟ್ಟ ಮೇಲೆ ಕಣ್ಣು ಮುಚ್ಚಿ ಅವಳ ಮುಖ ನೆನೆಸಿಕೊಂಡೆ. ಮೂಗುತಿ ಬಲಗಡೆಯೇ ಇತ್ತು.