ನಮೂನಿ ತುಂಬಿದ ಮೇಲೆ

“ನನ್ನ ಹೆಸರ ಹಾರಿಸಿಬಿಟ್ರಲ್ಲರಿ!” ಎಂದು ಶೋಭಾ ಮೊಬೈಲನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು. ಪರದೆಯ ಮೇಲೆ ‘ಈ ಕುಟುಂಬಕ್ಕೆ ಟ್ಯಾಂಕರ್ ನೀರು ಬೇಕಿಲ್ಲ’ ಎಂದು ಬಂದಿತ್ತು.

ಅದು ಔರಾದ್ ತಾಲ್ಲೂಕಿನ ಒಂದು ಹಳ್ಳಿ, ಬರದ ವರ್ಷ. ನೀರು ಹಂಚುವ ಸಾಫ್ಟ್‌ವೇರ್ ಮಾಡುತ್ತಿದ್ದ ನಮ್ಮ ತಂಡದ ಸವಿತಾ, ಪೂರ್ತಿ ಸಿದ್ಧಪಡಿಸುವ ಮೊದಲು ಅದರ ಕಚ್ಚಾ ರೂಪವನ್ನು ಜನರ ಕೈಗೆ ಕೊಟ್ಟು ಎಲ್ಲಿ ಎಡವುತ್ತಾರೆಂದು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತಿದ್ದೆ. ‘ಕುಟುಂಬ ವಲಸೆ ಹೋಗಿದೆಯೇ?’ ಎಂಬ ಪ್ರಶ್ನೆಗೆ ಶೋಭಾ ‘ಹೌದು’ ಒತ್ತಿದ್ದರು. ಗಂಡ, ಮೈದುನ ಹೈದರಾಬಾದಿಗೆ ದುಡಿಯಲು ಹೋಗಿದ್ದು ನಿಜ. ಆದರೆ ಶೋಭಾ ಮಕ್ಕಳೊಂದಿಗೆ ಊರಲ್ಲೇ ಇದ್ದರು.

“ಗಾಬರಿ ಆಗಬ್ಯಾಡ್ರಿ ಅಕ್ಕಾ, ಇದ ಬರೇ ನಮೂನಿ ಅದರಿ,” ಎಂದಳು ಸವಿತಾ. ಮಾದರಿ ಎಂಬುದು ಅವಳ ಅರ್ಥ. ಆ ಊರಿನವರಿಗೆ ನಮೂನಿ ಎಂದರೆ ಸರ್ಕಾರಿ ಕಚೇರಿಯಲ್ಲಿ ಭರ್ತಿ ಮಾಡಿ ಕೊಡುವ ಕಾಗದ.

“ನಮೂನಿ ತುಂಬಿದ ಮ್ಯಾಲ ಮುಗೀತಲ್ಲರಿ! ಅದನ್ನ ಯಾರ್ ತಿದ್ದತಾರ?” ಎಂದರು ಶೋಭಾ.

“ಗಂಡ ಊರ ಬಿಟ್ರ ನೀನೂ ಬಿಟ್ಟಂಗ ಲೆಕ್ಕ, ನೋಡವಾ,” ಎಂದು ನೆರೆಯಾಕೆ ಚುಚ್ಚಿದಳು.

ಸವಿತಾ ಅಲ್ಲೇ ಪ್ರಶ್ನೆ ಬದಲಿಸಿದಳು: ‘ಈಗ ಮನೆಯಲ್ಲಿ ಯಾರ್‍ಯಾರು ಇದ್ದೀರಿ?’ ಶೋಭಾ ಮತ್ತೆ ಮೊಬೈಲ್ ಮುಟ್ಟಲಿಲ್ಲ. ಟ್ಯಾಂಕರ್ ಬಂದು ತಮ್ಮ ಡ್ರಮ್ಮಿಗೆ ನೀರು ಬೀಳುವವರೆಗೂ ನಮ್ಮನ್ನು ಹೋಗಗೊಡಲಿಲ್ಲ.

ಆ ಒಂದು ಪ್ರಶ್ನೆ ಸರಿಯಾಯಿತು. ಆದರೆ ಆಮೇಲೆ ಆ ಸಾಫ್ಟ್‌ವೇರ್ ಬಳಕೆಗೆ ಬಂದ ಊರುಗಳಲ್ಲಿ ನಾವು ಮೊದಲೇ ಹೋಗಿ ತೋರಿಸದವೇ ಹೆಚ್ಚು. ಅಲ್ಲಿ ಇನ್ಯಾವ ಪ್ರಶ್ನೆಗೆ ಯಾರು ನಿಜ ಹೇಳಿ ನೀರು ಕಳೆದುಕೊಂಡರೋ ಎಂಬ ಅಳುಕು ನನ್ನಲ್ಲಿ ಉಳಿದೇ ಇದೆ.